ಟ್ರ್ಯಾಕ್ ಡೇಗೆ ಸಣ್ಣ ಹಾಟ್ ಹ್ಯಾಚ್: ಮೊದಲ ದುಡ್ಡು ಎಲ್ಲಿ ಹಾಕಬೇಕು?

ಪ್ರಶ್ನೆ: ನನ್ನ ಹತ್ತಿರ ಟರ್ಬೊ ಎಂಜಿನ್ನಿನ ಸಣ್ಣ ಹಾಟ್ ಹ್ಯಾಚ್ (ಜೋರಾಗಿ ಓಡುವ ಹ್ಯಾಚ್‌ಬ್ಯಾಕ್) ಇದೆ. ದಿನನಿತ್ಯ ಓಡಿಸುವುದೂ ಅದನ್ನೇ. ವರ್ಷಕ್ಕೆ ಮೂರು–ನಾಲ್ಕು ಟ್ರ್ಯಾಕ್ ಡೇಗೆ (ಸ್ವಂತ ಕಾರನ್ನು ರೇಸ್ ಟ್ರ್ಯಾಕಿನಲ್ಲಿ ಓಡಿಸುವ ದಿನ) ಹೋಗುವ ಆಸೆ. ಎಲ್ಲವನ್ನೂ ಒಟ್ಟಿಗೆ ಮಾಡಿಸುವಷ್ಟು ದುಡ್ಡಿಲ್ಲ. ಮೊದಲು ರೀಮ್ಯಾಪ್ (ಶಕ್ತಿ ಹೆಚ್ಚಿಸಲು ಎಂಜಿನ್ ಕಂಪ್ಯೂಟರಿನ ಸಾಫ್ಟ್‌ವೇರ್ ಬದಲಿಸುವುದು) ಮಾಡಿಸಲೋ, ದೊಡ್ಡ ಬ್ರೇಕ್ ಕಿಟ್ ಹಾಕಿಸಲೋ?

ಉತ್ತರ: ಸದ್ಯಕ್ಕೆ ಎರಡೂ ಬೇಡ. ಒಂದು ಲೀಟರ್ ಒಳ್ಳೆಯ ಬ್ರೇಕ್ ಆಯಿಲ್, ಮುಂದಿನ ಚಕ್ರಗಳಿಗೆ ಟ್ರ್ಯಾಕ್ ಪ್ಯಾಡ್, ನಂಬಬಹುದಾದ ಒಂದು ಟೈರ್ ಗೇಜ್ ತನ್ನಿ. ಅದಾದ ಮೇಲೆ ಕ್ಯಾಂಬರ್, ಅಂದರೆ ಚಕ್ರದ ತಲೆ ಒಳಕ್ಕೋ ಹೊರಕ್ಕೋ ವಾಲಿರುವ ಕೋನ. ರೀಮ್ಯಾಪ್ ಸರದಿ ಕಟ್ಟಕಡೆಗೆ.

ಯಾಕೆ ಅಂತ ಒಂದು ಲೆಕ್ಕ ಹಾಕಿ ನೋಡೋಣ. ಚಾಲಕರೂ ಸೇರಿ 1,200 ಕೆ.ಜಿ. ತೂಗುವ ಕಾರು ಗಂಟೆಗೆ 160 ಕಿ.ಮೀ. ವೇಗದಿಂದ 80ಕ್ಕೆ ಇಳಿಯಬೇಕಾದರೆ ಸುಮಾರು 890 ಕಿಲೋಜೂಲ್ ಶಕ್ತಿ ಶಾಖವಾಗಿ ಹೋಗಬೇಕು. ಮುಂದಿನ ಚಕ್ರಗಳಿಂದ ಓಡುವ ಕಾರಿನಲ್ಲಿ ಅದರ ಮುಕ್ಕಾಲು ಭಾಗ ಮುಂದಿನ ಎರಡು ಡಿಸ್ಕ್‌ಗಳ ತಲೆಗೇ ಬೀಳುತ್ತದೆ. ಒಂದೊಂದು ಡಿಸ್ಕ್ 7 ಕೆ.ಜಿ. ಅಂದುಕೊಳ್ಳಿ, ಒಂದೇ ಸಲ ಬ್ರೇಕ್ ಹಿಡಿದದ್ದಕ್ಕೆ ಡಿಸ್ಕ್ ಸುಮಾರು 100 ಡಿಗ್ರಿ ಸೆಲ್ಸಿಯಸ್ ಹೆಚ್ಚು ಬಿಸಿಯಾಗುತ್ತದೆ. ಒಂದು ಲ್ಯಾಪಿನಲ್ಲಿ ಇಂಥ ನಾಲ್ಕೈದು ತಿರುವು ಇದ್ದರೆ, ನಡುವೆ ತಣ್ಣಗಾಗಲು ಸಿಗುವುದು ಕೆಲವೇ ಸೆಕೆಂಡು. ಈಗ ರೀಮ್ಯಾಪ್ ಮಾಡಿಸಿ, ನೇರ ದಾರಿಯ ಕೊನೆಗೆ 160ರ ಬದಲು 175 ಮುಟ್ಟಿದಿರಿ ಅನ್ನಿ. ಅದೇ 80ಕ್ಕೆ ಇಳಿಯಲು ಕಳೆಯಬೇಕಾದ ಶಕ್ತಿ 1,120 ಕಿಲೋಜೂಲ್. ವೇಗ ಹೆಚ್ಚಿದ್ದು ಶೇ 10ಕ್ಕೂ ಕಡಿಮೆ, ಬ್ರೇಕಿನ ಮೇಲಿನ ಹೊರೆ ಹೆಚ್ಚಿದ್ದು ಶೇ 26. ರಸ್ತೆಗಾಗಿ ಮಾಡಿದ ಕಾರು ಟ್ರ್ಯಾಕಿನಲ್ಲಿ ಸೋಲುವುದು ಶಕ್ತಿ ಸಾಲದೆ ಅಲ್ಲ, ಬಿಸಿ ತಾಳಲಾರದೆ.

ಬ್ರೇಕ್ ಆಯಿಲ್

ಡಾಟ್ 4 ಗುಣಮಟ್ಟದ ಹೊಸ ಆಯಿಲ್ ಕನಿಷ್ಠ 230 ಡಿಗ್ರಿವರೆಗೆ ಕುದಿಯಬಾರದು ಎಂಬುದು ನಿಯಮ. ಆದರೆ ಅದು ಗಾಳಿಯ ತೇವ ಹೀರುತ್ತದೆ. ತೇವ ಹೀರಿದ ಆಯಿಲಿಗೆ ಕನಿಷ್ಠ ಮಿತಿ 155 ಡಿಗ್ರಿ ಮಾತ್ರ. ಡಾಟ್ 5.1ಕ್ಕೆ ಇದೇ ಅಂಕಿಗಳು 260 ಮತ್ತು 180. ರೇಸಿಂಗ್ ಆಯಿಲ್‌ಗಳು ಹೊಸದಿದ್ದಾಗ 300 ಡಿಗ್ರಿ ದಾಟುತ್ತವೆ, ತೇವ ಹೀರಿದ ಮೇಲೂ 200ರ ಆಚೆಗೇ ಇರುತ್ತವೆ. ಡಾಟ್ 5 ಅಂತ ಬರೆದ ಡಬ್ಬಿ ಮಾತ್ರ ಮುಟ್ಟಬೇಡಿ. ಅದು ಸಿಲಿಕೋನ್ ಮೂಲದ್ದು, ಉಳಿದವುಗಳ ಜೊತೆ ಬೆರೆಯುವುದಿಲ್ಲ.

ಆಯಿಲ್ ಬದಲಿಸುವುದು ಮನೆಯಲ್ಲೇ ಆಗುವ ಕೆಲಸ. ಪೆಡಲ್ ಒತ್ತಲು ಇನ್ನೊಬ್ಬರು ಬೇಕು. ಜಾಕ್ ಏರಿಸಿ ಸ್ಟ್ಯಾಂಡ್ ಕೊಡಿ, ಚಕ್ರ ಬಿಚ್ಚಿ. ಡಬ್ಬದಲ್ಲಿರುವ ಹಳೆ ಆಯಿಲ್ ಸಿರಿಂಜಿನಿಂದ ತೆಗೆದು ಹೊಸದು ತುಂಬಿ. ಕ್ಯಾಲಿಪರಿನ (ಡಿಸ್ಕಿನ ಮೇಲೆ ಪ್ಯಾಡ್ ಒತ್ತುವ ಘಟಕ) ನಿಪ್ಪಲ್ಲಿಗೆ, ಅಂದರೆ ಆಯಿಲ್ ಹೊರಬಿಡುವ ತಿರುಪಿಗೆ, ರಿಂಗ್ ಸ್ಪ್ಯಾನರನ್ನೇ ಹಾಕಿ, ಓಪನ್ ಸ್ಪ್ಯಾನರ್ ಮೂಲೆ ಸವೆಸಿಬಿಡುತ್ತದೆ. ನಿಪ್ಪಲ್ಲಿಗೆ ಪಾರದರ್ಶಕ ಟ್ಯೂಬ್ ಸಿಕ್ಕಿಸಿ, ಅದರ ಇನ್ನೊಂದು ತುದಿ ಬಾಟಲಿಯೊಳಗಿನ ಆಯಿಲಿನಲ್ಲಿ ಮುಳುಗಿರಲಿ. ಜೊತೆಗಿರುವವರು ಪೆಡಲ್ ಒತ್ತಿ ಹಿಡಿದುಕೊಳ್ಳಬೇಕು. ನೀವು ನಿಪ್ಪಲ್ ಕಾಲು ಸುತ್ತು ಬಿಚ್ಚಿ, ಆಯಿಲ್ ಬಂದ ಮೇಲೆ ಬಿಗಿ ಮಾಡಿ. ಆಮೇಲಷ್ಟೇ ಅವರು ಪೆಡಲ್ ಬಿಡಬೇಕು. ಈ ಕ್ರಮ ತಪ್ಪಿದರೆ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಹಳೆ ಕಾರಾದರೆ ಪೆಡಲಿನ ಅಡಿ ಐದು ಸೆಂಟಿಮೀಟರ್ ದಪ್ಪದ ಮರದ ತುಂಡು ಇಡಿ. ಮಾಸ್ಟರ್ ಸಿಲಿಂಡರಿನಲ್ಲಿ ದಿನಾ ಸೀಲ್ ಓಡಾಡದ ಜಾಗ ತುಕ್ಕು ಹಿಡಿದಿರುತ್ತದೆ; ಪೆಡಲ್ ನೆಲಕ್ಕೆ ಹೋದರೆ ಸೀಲ್ ಅಲ್ಲಿ ತರಚಿಕೊಳ್ಳುತ್ತದೆ. ಡಬ್ಬದ ಮಟ್ಟ ಒಮ್ಮೆಯೂ ಮಿನಿಮಮ್ ಗೆರೆಗಿಂತ ಕೆಳಗಿಳಿಯಬಾರದು. ಎಬಿಎಸ್ ಘಟಕದೊಳಗೆ ಗಾಳಿ ಸೇರಿದರೆ ಸ್ಕ್ಯಾನರ್ ಹಾಕಿಯೇ ತೆಗೆಸಬೇಕಾಗುತ್ತದೆ. ಯಾವ ಚಕ್ರ ಮೊದಲು ಎನ್ನುವುದು ನಿಮ್ಮ ಕಾರಿನ ವರ್ಕ್‌ಶಾಪ್ ಮ್ಯಾನ್ಯುಯಲ್ ಹೇಳಿದಂತೆ. ಕ್ಲಚ್ಚೂ ಇದೇ ಡಬ್ಬದಿಂದ ಆಯಿಲ್ ಪಡೆಯುವ ಕಾರಾದರೆ ಅದನ್ನೂ ಬ್ಲೀಡ್ ಮಾಡಿ, ಅಂದರೆ ಇದೇ ರೀತಿ ಹಳೆ ಆಯಿಲ್ ಹೊರಹಾಕಿ. ಪೇಂಟಿನ ಮೇಲೆ ಹನಿ ಬಿದ್ದರೆ ತಕ್ಷಣ ನೀರು ಹಾಕಿ ತೊಳೆಯಿರಿ, ಒರೆಸಿದರೆ ಸಾಲದು.

ಪ್ಯಾಡ್, ಡಿಸ್ಕ್

ಬ್ರೇಕ್ ಕೈಕೊಡುವುದು ಎರಡು ಥರ, ಔಷಧವೂ ಬೇರೆ ಬೇರೆ. ಪೆಡಲ್ ಮೆತ್ತಗಾಗಿ ಕೆಳಕ್ಕೆ ಹೋದರೆ ಆಯಿಲ್ ಕುದ್ದಿದೆ ಅಂತ ಅರ್ಥ. ಪೆಡಲ್ ಗಟ್ಟಿಯಾಗಿಯೇ ಇದ್ದು, ಎಷ್ಟು ತುಳಿದರೂ ಕಾರು ನಿಲ್ಲದಿದ್ದರೆ ಪ್ಯಾಡ್ ಬಿಸಿಗೆ ಹಿಡಿತ ಕಳೆದುಕೊಂಡಿದೆ. ರಸ್ತೆ ಪ್ಯಾಡ್‌ಗಳಲ್ಲಿ ಬಹಳಷ್ಟು 350–400 ಡಿಗ್ರಿ ಹೊತ್ತಿಗೆ ಕೈಚೆಲ್ಲುತ್ತವೆ. ಟ್ರ್ಯಾಕ್ ಪ್ಯಾಡ್ 600 ದಾಟಿದರೂ ಹಿಡಿಯುತ್ತದೆ, ಆದರೆ ತಣ್ಣಗಿರುವಾಗ ಕಿರುಚುತ್ತದೆ, ಕಪ್ಪು ಧೂಳು ಉಗುಳುತ್ತದೆ, ಬೆಳಗಿನ ಮೊದಲ ಬ್ರೇಕಿಗೆ ಮಂಕಾಗಿರುತ್ತದೆ. ದಿನಾ ಓಡಿಸುವ ಕಾರಾದ್ದರಿಂದ ರಸ್ತೆಗೂ ಟ್ರ್ಯಾಕಿಗೂ ನಡುವಿನ ದರ್ಜೆಯ ಪ್ಯಾಡ್ ಸಾಕು, ಅದೂ ಮುಂದಕ್ಕೆ. ಹಿಂದೆ ಕಂಪನಿಯದ್ದೇ ಇರಲಿ. ಅಲ್ಲಿ ತೀರಾ ಜೋರಾದ ಪ್ಯಾಡ್ ಹಾಕಿದರೆ ಬ್ರೇಕ್ ಹಿಡಿದಾಗ ಹಗುರಾಗುವ ಹಿಂಭಾಗ ಜಾರಲು ನೋಡುತ್ತದೆ.

ಪ್ಯಾಡಿನಲ್ಲಿ ಅರ್ಧಕ್ಕಿಂತ ಕಡಿಮೆ ದಪ್ಪ ಉಳಿದಿದ್ದರೆ ಹೊಸದು ಹಾಕಿಕೊಂಡೇ ಹೋಗಿ. ಬೇಗ ಮುಗಿಯುತ್ತದೆ ಅನ್ನುವುದು ಒಂದು ಕಾರಣ. ಇನ್ನೊಂದು ಹೆಚ್ಚಿನವರ ಗಮನಕ್ಕೆ ಬಾರದ್ದು: ಡಿಸ್ಕಿನ ಬಿಸಿಗೂ ಕ್ಯಾಲಿಪರಿನ ಪಿಸ್ಟನ್ನಿಗೂ ನಡುವೆ ಅಡ್ಡ ನಿಲ್ಲುವುದು ಪ್ಯಾಡೇ. ಅದು ತೆಳುವಾದಷ್ಟೂ ಆಯಿಲ್ ಬೇಗ ಕುದಿಯುತ್ತದೆ.

ಹೊಸ ಪ್ಯಾಡನ್ನು ಪಳಗಿಸದೆ ಟ್ರ್ಯಾಕಿಗಿಳಿಸಬಾರದು. ಖಾಲಿ, ಸುರಕ್ಷಿತ ಜಾಗದಲ್ಲಿ 100ರಿಂದ 20–30ರವರೆಗೆ ಎಂಟು–ಹತ್ತು ಸಲ ಗಟ್ಟಿಯಾಗಿ ಬ್ರೇಕ್ ಹಿಡಿಯಿರಿ, ಪೂರ್ತಿ ನಿಲ್ಲಿಸಬೇಡಿ. ಆಮೇಲೆ ಹತ್ತು ನಿಮಿಷ ಬ್ರೇಕ್ ಮುಟ್ಟದೆ ಓಡಿಸಿ ತಣಿಸಿ. ತಯಾರಕರು ಬೇರೆ ಕ್ರಮ ಹೇಳಿದ್ದರೆ ಅದನ್ನೇ ಹಿಡಿಯಿರಿ. ಕೆಂಪಗೆ ಕಾದ ಡಿಸ್ಕಿನ ಮೇಲೆ ಪ್ಯಾಡ್ ಒತ್ತಿಹಿಡಿದು ನಿಂತರೆ ಅದರ ಅಚ್ಚು ಅಲ್ಲೇ ಅಂಟಿಕೊಳ್ಳುತ್ತದೆ, ಮುಂದೆ ಸ್ಟೇರಿಂಗ್ ನಡುಗುತ್ತದೆ. ಡಿಸ್ಕ್ ಸೊಟ್ಟಗಾಗಿದೆ ಅಂತ ಬದಲಿಸುವವರಲ್ಲಿ ಅನೇಕರ ನಿಜವಾದ ತೊಂದರೆ ಇದೇ.

ಡಿಸ್ಕಿನಲ್ಲಿ ತೂತಿನ ವಿನ್ಯಾಸ ಬೇಡ. ತೂತಿನ ಅಂಚಿನಿಂದಲೇ ಬಿರುಕು ಶುರುವಾಗುತ್ತದೆ. ಮೈ ಸಾದಾ ಇರುವ, ಒಳಗೆ ಗಾಳಿ ಹಾದುಹೋಗುವ ಡಿಸ್ಕೇ ವಾಸಿ. ಮೇಲ್ಮೈಯಲ್ಲಿ ಕೂದಲೆಳೆಯ ಗೀರುಗಳು ಬರುವುದು ಸಹಜ, ಗೀರು ಹೊರ ಅಂಚು ಮುಟ್ಟಿದರೆ ಡಿಸ್ಕ್ ಎಸೆಯಿರಿ. ಇಷ್ಟು ಮಾಡಿದ ಮೇಲೂ ಇಪ್ಪತ್ತು ನಿಮಿಷದ ಸೆಷನ್‌ನಲ್ಲಿ ಬ್ರೇಕ್ ಸೋತರೆ ಆಗ ದೊಡ್ಡ ಕಿಟ್ಟಿನ ಮಾತು. ಆ ಕಿಟ್ ತೂಕ ಹೆಚ್ಚಿಸುತ್ತದೆ, ಬಹಳ ಸಲ ಚಕ್ರದ ಅಳತೆಯನ್ನೂ ಹೆಚ್ಚಿಸಬೇಕಾಗುತ್ತದೆ. ಸಣ್ಣ ಕಾರಿಗೆ ಇದು ನಷ್ಟದ ಬಾಬತ್ತು.

ಟೈರ್ ಮತ್ತು ಕ್ಯಾಂಬರ್

ಗಾಳಿಯ ಲೆಕ್ಕ ತಣ್ಣಗಿರುವಾಗಿನದ್ದಲ್ಲ, ಬಿಸಿಯಾದಾಗಿನದ್ದು. ರಸ್ತೆ ಟೈರಿಗೆ ಸೆಷನ್ ಮುಗಿಸಿ ಬಂದ ಕೂಡಲೇ 32ರಿಂದ 36 ಪಿಎಸ್ಐ ನಡುವೆ ಸಿಕ್ಕರೆ ಸರಿ. ಬೆಳಿಗ್ಗೆ ಅದಕ್ಕಿಂತ ಐದಾರು ಪಿಎಸ್ಐ ಕಡಿಮೆ ಇಟ್ಟು ಹೊರಡಿ, ಎರಡು–ಮೂರು ಲ್ಯಾಪ್ ಮುಗಿಸಿ ಬಂದು ಗಾಳಿ ಬಿಟ್ಟು ಸರಿಮಾಡಿಕೊಳ್ಳಿ. ಟೈರಿನ ಭುಜದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು ನೋಡಿ: ಪಕ್ಕದ ಗೋಡೆಯ ತನಕ ಅಳಿಸಿಹೋಗಿದ್ದರೆ ಗಾಳಿ ಕಡಿಮೆ, ಭುಜದ ಅಂಚಿಗೂ ತಾಗದಿದ್ದರೆ ಹೆಚ್ಚು. ಮನೆಗೆ ಹೊರಡುವ ಮೊದಲು, ಟೈರ್ ತಣಿದ ಮೇಲೆ ಮತ್ತೆ ಗಾಳಿ ತುಂಬಬೇಕು. ಇದನ್ನು ಮರೆಯುವವರೇ ಜಾಸ್ತಿ.

ಗಾಳಿ ಸರಿಯಿದ್ದರೂ ಮುಂದಿನ ಟೈರಿನ ಹೊರ ಭುಜ ಮಾತ್ರ ಚೂರುಚೂರಾಗಿ ಕಿತ್ತುಬರುತ್ತಿದ್ದರೆ ಕ್ಯಾಂಬರ್ ಸಾಲದು. ಸಣ್ಣ ಹ್ಯಾಚ್‌ಗಳ ಮುಂಭಾಗದಲ್ಲಿ ಸಾಮಾನ್ಯವಾಗಿ ಮ್ಯಾಕ್‌ಫರ್ಸನ್ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಒಂದೇ ಕಂಬದಲ್ಲಿರುವ ಸಸ್ಪೆನ್ಷನ್) ಇರುತ್ತದೆ. ಕಾರು ತಿರುವಿನಲ್ಲಿ ವಾಲಿದಷ್ಟು ಪ್ರಮಾಣದಲ್ಲಿ ಅದು ಚಕ್ರವನ್ನು ಒಳಕ್ಕೆ ವಾಲಿಸುವುದಿಲ್ಲ. ಹಾಗಾಗಿ ಟೈರ್ ಹೊರ ಅಂಚಿನ ಮೇಲೆ ನಿಂತುಬಿಡುತ್ತದೆ. ಕಂಪನಿ ಕೊಡುವ ಕ್ಯಾಂಬರ್ ಹೆಚ್ಚಾಗಿ ಮೈನಸ್ 1 ಡಿಗ್ರಿ ಆಸುಪಾಸು (ಮೈನಸ್ ಅಂದರೆ ಚಕ್ರದ ತಲೆ ಒಳಕ್ಕೆ). ಮೈನಸ್ 2ರಿಂದ 2.5 ಮಾಡಿಸಿದರೆ ಹಿಡಿತವೂ ಹೆಚ್ಚುತ್ತದೆ, ಟೈರಿನ ಆಯಸ್ಸೂ ಹೆಚ್ಚುತ್ತದೆ. ದುಡ್ಡಿಗೆ ತಕ್ಕ ಫಲ ಇಷ್ಟು ಬೇಗ ಕಾಣುವ ಕೆಲಸ ಸಸ್ಪೆನ್ಷನ್ನಿನಲ್ಲಿ ಇನ್ನೊಂದಿಲ್ಲ.

ಸ್ಟ್ರಟ್ ಎರಡು ಬೋಲ್ಟ್‌ಗಳಿಂದ ನಕಲ್‌ಗೆ (ಚಕ್ರದ ಹಬ್ ಹಿಡಿದಿರುವ ಲೋಹದ ಭಾಗ) ಕೂತಿದ್ದರೆ, ಮೇಲಿನ ಬೋಲ್ಟ್ ತೆಗೆದು ಕ್ಯಾಂಬರ್ ಬೋಲ್ಟ್ ಹಾಕಬಹುದು. ಒಂದು–ಒಂದೂವರೆ ಡಿಗ್ರಿ ಸಿಗುತ್ತದೆ. ಬಿಗಿ ಮಾಡಿದ ಮೇಲೆ ಬೋಲ್ಟಿಗೂ ನಕಲ್‌ಗೂ ಅಡ್ಡವಾಗಿ ಒಂದು ಪೇಂಟ್ ಗೆರೆ ಎಳೆಯಿರಿ, ಜಾರಿದರೆ ಕಣ್ಣಿಗೆ ಬೀಳುತ್ತದೆ. ಸ್ಟ್ರಟ್ಟನ್ನು ನಕಲ್ಲೇ ಸುತ್ತ ಅಪ್ಪಿ ಹಿಡಿಯುವ ವಿನ್ಯಾಸವಾದರೆ ಈ ಬೋಲ್ಟ್ ಕೂರುವುದಿಲ್ಲ, ಹೊಂದಿಸಬಹುದಾದ ಟಾಪ್ ಮೌಂಟ್ (ಸ್ಟ್ರಟ್ಟಿನ ಮೇಲ್ತುದಿ ಬಾಡಿಗೆ ಕೂರುವ ಭಾಗ) ಬೇಕು. ಹೇಗೆ ಮಾಡಿದರೂ ಕ್ಯಾಂಬರ್ ಬದಲಾದ ಕೂಡಲೇ ಟೋ (ಮೇಲಿನಿಂದ ನೋಡಿದಾಗ ಚಕ್ರದ ಮುಂತುದಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಕೂಡ ಬದಲಾಗುತ್ತದೆ. ಅಲೈನ್‌ಮೆಂಟ್ ಮಾಡಿಸದೆ ಓಡಿಸಿದರೆ ಹೊರ ಅಂಚಿನ ಬದಲು ಒಳ ಅಂಚು ಹೋಗುತ್ತದೆ ಅಷ್ಟೆ. ಮುಂದೆ ಟೋ ಸೊನ್ನೆ ಇರಲಿ.

ಕಾರನ್ನು ತಗ್ಗಿಸುವುದಾದರೆ 25–30 ಮಿಲಿಮೀಟರಿಗೆ ನಿಲ್ಲಿಸಿ. ಅದಕ್ಕಿಂತ ಕೆಳಗಿಳಿದರೆ ಕೆಳ ಆರ್ಮ್ ಚಕ್ರದ ಕಡೆಗೆ ಮೇಲ್ಮುಖವಾಗುತ್ತದೆ, ರೋಲ್ ಸೆಂಟರ್ (ತಿರುವಿನಲ್ಲಿ ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಕುಸಿಯುತ್ತದೆ, ನೋಡಲು ಚೆಂದವಾದ ಕಾರು ಮೊದಲಿಗಿಂತ ಹೆಚ್ಚು ವಾಲಲು ಹವಣಿಸುತ್ತದೆ.

ಎಂಜಿನ್ನಿನ ಬಿಸಿ

ಡ್ಯಾಶ್‌ಬೋರ್ಡಿನ ಟೆಂಪರೇಚರ್ ಮುಳ್ಳನ್ನು ನಂಬಬೇಡಿ. ಬಹಳಷ್ಟು ಕಾರುಗಳಲ್ಲಿ ಕೂಲೆಂಟ್ ಇಪ್ಪತ್ತು ಡಿಗ್ರಿ ಏರಿಳಿದರೂ ಮುಳ್ಳು ನಟ್ಟನಡುವೆಯೇ ಇರುವಂತೆ ಮಾಡಿರುತ್ತಾರೆ. ಒಂದು ಒಬಿಡಿ ರೀಡರ್ (ಕಾರಿನ ಕಂಪ್ಯೂಟರಿನ ಅಂಕಿಗಳನ್ನು ತೋರಿಸುವ ಸಾಧನ) ಸಿಕ್ಕಿಸಿದರೆ ಕೂಲೆಂಟ್ ಮತ್ತು ಒಳಗೆ ಎಳೆದುಕೊಳ್ಳುವ ಗಾಳಿಯ ನಿಜವಾದ ತಾಪ ಕಾಣುತ್ತದೆ, ಕೆಲವು ಕಾರುಗಳಲ್ಲಿ ಎಂಜಿನ್ ಆಯಿಲಿನದ್ದೂ. ಆಯಿಲ್ 130 ಡಿಗ್ರಿ ಮುಟ್ಟಿದರೆ ಒಂದು ಲ್ಯಾಪ್ ನಿಧಾನಿಸಿ. ಪ್ರತಿ ಸಲವೂ ಮುಟ್ಟುತ್ತಿದ್ದರೆ ಥರ್ಮೋಸ್ಟಾಟ್ ಇರುವ ಆಯಿಲ್ ಕೂಲರ್ ಹಾಕಿಸಿ. ಥರ್ಮೋಸ್ಟಾಟ್ ಇಲ್ಲದ್ದು ದಿನನಿತ್ಯದ ಓಡಾಟದಲ್ಲಿ ಆಯಿಲನ್ನು ಬಿಸಿಯಾಗಲೇ ಬಿಡುವುದಿಲ್ಲ. ಡಿಪ್‌ಸ್ಟಿಕ್ಕಿನಲ್ಲಿ ಮಟ್ಟ ಮ್ಯಾಕ್ಸಿಮಮ್ ಗೆರೆಗೆ ಸರಿಯಾಗಿರಲಿ. ಕಡಿಮೆಯಿದ್ದರೆ ಉದ್ದನೆಯ ತಿರುವಿನಲ್ಲಿ ಆಯಿಲ್ ಸಂಪಿನ (ಎಂಜಿನ್ ತಳದ ಆಯಿಲ್ ತೊಟ್ಟಿ) ಒಂದು ಬದಿಗೆ ಸರಿದು ಪಂಪ್ ಗಾಳಿ ಹೀರುತ್ತದೆ. ಹೆಚ್ಚಿದ್ದರೆ ಕ್ರ್ಯಾಂಕ್ ಅದನ್ನು ಕಡೆದು ನೊರೆ ಮಾಡುತ್ತದೆ.

ಮುಂದಿನ ಚಕ್ರದ ಜಗ್ಗಾಟ

ತಿರುವಿನಿಂದ ಹೊರಬರುವಾಗ ಒಳಗಿನ ಚಕ್ರ ಸುಮ್ಮನೆ ಸುತ್ತುವುದು ಈ ಕಾರುಗಳ ಹಳೆ ಕಾಯಿಲೆ. ಹ್ಯುಂಡೈ ಐ20 ಎನ್‌ನಲ್ಲಿ ಯಾಂತ್ರಿಕ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ (ಒಂದೇ ಚಕ್ರ ಸುಮ್ಮನೆ ಸುತ್ತದಂತೆ ಇನ್ನೊಂದಕ್ಕೂ ಶಕ್ತಿ ಹಂಚುವ ಭಾಗ) ಕಂಪನಿಯಿಂದಲೇ ಬಂತು. ಕೊನೆಯ ಪೀಳಿಗೆಯ ಫೋರ್ಡ್ ಫಿಯೆಸ್ಟಾ ಎಸ್‌ಟಿಗೆ ಕ್ವೈಫ್ ಕಂಪನಿಯ ಇಂಥದೇ ಡಿಫರೆನ್ಷಿಯಲ್ ಬೇಕೆಂದವರಿಗೆ ಸಿಗುತ್ತಿತ್ತು. ಫೋಕ್ಸ್‌ವ್ಯಾಗನ್ ಪೋಲೊ ಜಿಟಿಐನ ಎಕ್ಸ್‌ಡಿಎಸ್ ಮಾಡುವುದು ಬೇರೆ: ಒಳಗಿನ ಚಕ್ರಕ್ಕೆ ಬ್ರೇಕ್ ಹಾಕಿ ಸುತ್ತದಂತೆ ತಡೆಯುತ್ತದೆ. ರಸ್ತೆಯಲ್ಲಿ ಚೆನ್ನ. ಟ್ರ್ಯಾಕಿನಲ್ಲಿ ಮಾತ್ರ ತಣ್ಣಗಾಗಬೇಕಾದ ಹೊತ್ತಿಗೇ ಮುಂದಿನ ಪ್ಯಾಡ್ ಇನ್ನಷ್ಟು ಕಾಯುತ್ತದೆ. ಇಂಥ ಕಾರಿನ ಪ್ಯಾಡ್ ನಿಮ್ಮ ಲೆಕ್ಕಕ್ಕಿಂತ ಬೇಗ ಮುಗಿದರೆ ಅಚ್ಚರಿಪಡಬೇಡಿ. ಡಿಫರೆನ್ಷಿಯಲ್ ಹಾಕಿಸಲು ಗೇರ್‌ಬಾಕ್ಸ್ ಇಳಿಸಲೇಬೇಕು, ಆದ್ದರಿಂದ ಕ್ಲಚ್ ಬದಲಿಸುವ ಕಾಲಕ್ಕೆ ಇದನ್ನೂ ಇಟ್ಟುಕೊಳ್ಳಿ, ಕೂಲಿ ಒಂದೇ ಸಲ.

ಸೀಟ್ ಬೆಲ್ಟ್ ವಿಷಯದಲ್ಲಿ ಒಂದು ಎಚ್ಚರಿಕೆ. ಕಂಪನಿ ಸೀಟಿನ ಮೇಲೆ ನಾಲ್ಕು ಪಟ್ಟಿಯ ಹಾರ್ನೆಸ್ ಬಿಗಿಯುವ ಚಾಳಿ ಇದೆ. ಢಿಕ್ಕಿಯಲ್ಲಿ ಮೈ ಸೊಂಟದ ಪಟ್ಟಿಯ ಅಡಿಯಿಂದ ಜಾರುತ್ತದೆ. ರೋಲ್ ಬಾರ್ ಇಲ್ಲದೆ ಕಾರು ಮಗುಚಿದರೆ ಕುಸಿದ ಛಾವಣಿಯಿಂದ ತಪ್ಪಿಸಿಕೊಳ್ಳಲು ಹಾರ್ನೆಸ್ ಬಿಡುವುದೂ ಇಲ್ಲ. ಬಕೆಟ್ ಸೀಟ್, ತೊಡೆ ನಡುವಿನ ಪಟ್ಟಿ, ರೋಲ್ ಬಾರ್ ಮೂರನ್ನೂ ಒಟ್ಟಿಗೆ ಹಾಕಿಸುವ ತನಕ ಕಂಪನಿಯ ಬೆಲ್ಟೇ ಇರಲಿ.

ಆ ದಿನ ಕಾರಿನೊಳಗೆ ಸಡಿಲವಾಗಿರುವುದೆಲ್ಲ ಹೊರಗೆ, ಚಾಲಕರ ಕಾಲಡಿಯ ಮ್ಯಾಟ್ ಕೂಡ. ಚಕ್ರದ ಬೋಲ್ಟ್ ಟಾರ್ಕ್ ರೆಂಚಿನಿಂದ ಮ್ಯಾನ್ಯುಯಲ್ ಹೇಳಿದಷ್ಟು ಬಿಗಿ ಮಾಡಿ. ಮೊದಲ ಸೆಷನ್ ಮುಗಿದು ಚಕ್ರ ತಣಿದ ಮೇಲೆ ಮತ್ತೊಮ್ಮೆ ನೋಡಿ. ಹೊರಗಿನಿಂದ ಕೊಂಡ ಅಲಾಯ್ ಚಕ್ರಕ್ಕೆ ಪ್ಲಾಸ್ಟಿಕ್ ಸೆಂಟರ್ ರಿಂಗ್ (ಚಕ್ರವನ್ನು ಹಬ್ಬಿನ ನಟ್ಟನಡುವೆ ಕೂರಿಸುವ ಬಳೆ) ಇದ್ದರೆ ಅಲ್ಯೂಮಿನಿಯಂನದ್ದು ಹಾಕಿ, ಬ್ರೇಕಿನ ಬಿಸಿಗೆ ಪ್ಲಾಸ್ಟಿಕ್ ಕರಗುತ್ತದೆ. ಕೊನೆಯ ಲ್ಯಾಪ್ ಬ್ರೇಕ್ ಹೆಚ್ಚು ಮುಟ್ಟದೆ ನಿಧಾನವಾಗಿ ಮುಗಿಸಿ: ನಿಂತ ಕಾರಿಗೆ ಗಾಳಿ ಹೊಡೆತವಿಲ್ಲ, ಡಿಸ್ಕಿನ ಬಿಸಿಯೆಲ್ಲ ಕ್ಯಾಲಿಪರಿಗೆ ಇಳಿದು ಬ್ರೇಕ್ ಆಯಿಲ್ ನಿಂತಲ್ಲೇ ಕುದಿಯಬಹುದು. ಪಿಟ್ಟಿನಲ್ಲಿ ಹ್ಯಾಂಡ್‌ಬ್ರೇಕ್ ಎಳೆಯಬೇಡಿ. ಗೇರಿನಲ್ಲಿ ಬಿಟ್ಟು ಚಕ್ರಕ್ಕೆ ಅಡ್ಡ ಕೊಡಿ.

ಇನ್ನು ರೀಮ್ಯಾಪ್. ಮೇಲಿನದ್ದೆಲ್ಲ ಆಗಿ, ಪೂರ್ತಿ ಸೆಷನ್ ಓಡಿದರೂ ಬ್ರೇಕ್ ಪೆಡಲ್ ಮತ್ತು ಎಂಜಿನ್ ಆಯಿಲ್ ತಾಪ ಸ್ಥಿರವಾಗಿ ನಿಂತ ಮೇಲೆ ಮಾಡಿಸಿ. ಮೊದಲು ಒಬಿಡಿಯಲ್ಲಿ ಒಳಗಾಳಿಯ ತಾಪ ನೋಡಿ. ಮೂರನೆಯ ಲ್ಯಾಪಿನಿಂದಲೇ ಅದು ಏರುತ್ತ ಹೋದರೆ ಇಸಿಯು (ಎಂಜಿನ್ ಕಂಪ್ಯೂಟರ್) ಇಗ್ನಿಷನ್ ಟೈಮಿಂಗ್, ಅಂದರೆ ಕಿಡಿ ಹಾರುವ ಹೊತ್ತು, ಹಿಂದಕ್ಕೆ ಎಳೆದು ಎಂಜಿನ್ನನ್ನು ಕಾಪಾಡುತ್ತಿದೆ, ಅಂದರೆ ಕಂಪನಿ ಕೊಟ್ಟ ಶಕ್ತಿಯೇ ನಿಮಗೆ ಪೂರ್ತಿ ದಕ್ಕುತ್ತಿಲ್ಲ. ಅಂಥ ಕಾರಿಗೆ ಮೊದಲು ದೊಡ್ಡ ಇಂಟರ್‌ಕೂಲರ್ (ಟರ್ಬೊದಿಂದ ಬರುವ ಬಿಸಿ ಗಾಳಿ ತಣಿಸುವ ಭಾಗ) ಬೇಕು, ಆಮೇಲೆ ಮ್ಯಾಪ್. ನಾಲ್ಕು–ಐದನೇ ಗೇರಿನಲ್ಲಿ ಪೂರ್ತಿ ಆಕ್ಸಿಲರೇಟರ್ ಕೊಟ್ಟಾಗ ಆರ್‌ಪಿಎಂ ಏರಿ ವೇಗ ಏರದಿದ್ದರೆ ಕ್ಲಚ್ ಈಗಾಗಲೇ ಜಾರುತ್ತಿದೆ. ಹೆಚ್ಚಿನ ಟಾರ್ಕ್ ಅದಕ್ಕೆ ತಡೆಯುವುದಿಲ್ಲ.