ಸಂಜೆಯಾದರೆ ಮೊಂಡು ಹಿಡಿಯುವ ರಿಮೋಟ್

ಬಳ್ಳಾರಿಯ ನಮ್ಮ ದೊಡ್ಡಮ್ಮನ ಮನೆಯಲ್ಲಿ ಟಿವಿ ಇರುವುದು ಈಶಾನ್ಯ ಮೂಲೆಯಲ್ಲಿ. ನ್ಯಾಯವಾಗಿ ಅದು ದೇವರ ಜಾಗ. ಆದರೆ ಕೇಬಲ್ ವೈರು ಅಲ್ಲಿಗಷ್ಟೇ ಎಟುಕಿತು, ದೇವರು ಅಡುಗೆಮನೆ ಕಡೆ ಸರಿದ. ಆ ಟಿವಿಯ ರಿಮೋಟಿಗೆ ಒಂದು ಚಾಳಿ ಇತ್ತು. ಕಾರ್ತಿಕ ಮುಗಿಯುವಾಗ ಶುರು, ಸಂಕ್ರಾಂತಿ ಕಳೆದು ಒಂದೆರಡು ವಾರಕ್ಕೆ ವಾಸಿ. ಆ ದಿನಗಳಲ್ಲಿ ಸಂಜೆ 5 ದಾಟಿದ ಮೇಲೆ, ಸರಿಯಾಗಿ ದೊಡ್ಡಮ್ಮ ಧಾರಾವಾಹಿ ಹಚ್ಚುವ ಹೊತ್ತಿಗೆ, ಯಾವ ಗುಂಡಿ ಒತ್ತಿದರೂ ಟಿವಿ ಜಪ್ಪಯ್ಯ ಅನ್ನುತ್ತಿರಲಿಲ್ಲ.

"ಏನಾಗೈತೋ ಇದಕ್ಕ, ರಾತ್ರಿ ಚೆಂದ ನಡೀತೈತಿ" ಎಂದು ದೊಡ್ಡಮ್ಮ ಗೊಣಗುತ್ತಿದ್ದರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಚಿಕಿತ್ಸೆ. ದೊಡ್ಡಪ್ಪ ರಿಮೋಟನ್ನು ಮೊಣಕಾಲಿಗೆ ಎರಡು ಸಲ ಬಡಿಯುತ್ತಿದ್ದರು. ಅಣ್ಣ ಸೆಲ್ಲು ತೆಗೆದು ಪ್ಯಾಂಟಿಗೆ ಉಜ್ಜಿ ಮತ್ತೆ ಹಾಕುತ್ತಿದ್ದ. ಅತ್ತಿಗೆ ಸೆಲ್ಲುಗಳನ್ನು ಅಂಗಳದ ಕಟ್ಟೆಯ ಮೇಲೆ ಬಿಸಿಲಿಗೆ ಇಡುತ್ತಿದ್ದರು. ಸುಮಾರು ಆರು ಗಂಟೆಗೆ ರಿಮೋಟ್ ಸರಿಹೋಗುತ್ತಿತ್ತು. ಕೊನೆಗೆ ಯಾರು ಏನು ಮಾಡಿದ್ದರೋ ಅವರಿಗೆ ಹೆಸರು. ಹೀಗೆ ಮೂರು ವರ್ಷದಲ್ಲಿ ಮೂರು ಪಂಥಗಳು ಹುಟ್ಟಿಕೊಂಡಿದ್ದವು. ತಾನೇ ಬಂದು ತಾನೇ ಹೋಗುವ ಕಾಯಿಲೆಗೆ ಯಾವ ಔಷಧ ಕೊಟ್ಟರೂ ಹತ್ತುತ್ತದೆ.

ಒಂದು ಜನವರಿಯಲ್ಲಿ ನಾನು ಅಲ್ಲಿಗೆ ಹೋದಾಗ, ಹಿಂದಿನ ವರ್ಷ ತಂದ ಹೊಸ ರಿಮೋಟೂ ಅದೇ ಹಾದಿ ಹಿಡಿದಿತ್ತು. ರಿಪೇರಿ ಅಂಗಡಿಗೆ ಒಯ್ದೆ. ಅಂಗಡಿಯವರು ಬಿಚ್ಚಲಿಲ್ಲ, ಬಡಿಯಲಿಲ್ಲ. ಮೊಬೈಲಿನ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದರ ಮುಂದೆ ಹಿಡಿದು ಒಂದು ಗುಂಡಿ ಒತ್ತಿದರು. ಪರದೆಯ ಮೇಲೆ ನೇರಳೆ ಬೆಳಕು ಮಿಣಮಿಣ ಎಂದಿತು. "ರಿಮೋಟ್ ಸರಿ ಐತಿ ಸರ್" ಎಂದು ವಾಪಸು ಕೊಟ್ಟರು. ಕಾಸೂ ತಗೊಳ್ಳಲಿಲ್ಲ.

ಈ ಪರೀಕ್ಷೆಯನ್ನು ಯಾರು ಬೇಕಾದರೂ ಮಾಡಬಹುದು. ರಿಮೋಟ್ ಅಂದರೆ ಒಂದು ಬ್ಯಾಟರಿ ಲೈಟು, ಅಷ್ಟೇ. ಅದರ ಬೆಳಕು ನಮಗೆ ಕಾಣುವುದಿಲ್ಲ. ನಮ್ಮ ಕಣ್ಣು ಸುಮಾರು 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಹಿಡಿಯುತ್ತದೆ. ಹೆಚ್ಚಿನ ರಿಮೋಟುಗಳು ಉಗುಳುವುದು 940ರ ಆಸುಪಾಸಿನದು. ಇದು ಇನ್‌ಫ್ರಾರೆಡ್, ಕನ್ನಡದಲ್ಲಿ ಅವಕೆಂಪು. 1800ರಲ್ಲಿ ಖಗೋಳ ವಿಜ್ಞಾನಿ ವಿಲಿಯಂ ಹರ್ಷೆಲ್ ಪಟ್ಟಕದಿಂದ ಬಂದ ಬಣ್ಣಗಳ ಪಟ್ಟಿಯಲ್ಲಿ ಕೆಂಪಿನ ಆಚೆ, ಏನೂ ಕಾಣದ ಜಾಗದಲ್ಲಿ ಥರ್ಮಾಮೀಟರ್ ಇಟ್ಟು, ಅದು ಏರುವುದನ್ನು ಕಂಡು ಈ ಬೆಳಕನ್ನು ಪತ್ತೆ ಹಚ್ಚಿದ. ಮೊಬೈಲ್ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಸಿಲಿಕಾನ್ ಚಿಪ್ಪಿಗೆ ಇದು ಕಾಣುತ್ತದೆ. ಅದನ್ನು ತಡೆಯಲು ಒಳಗೆ ಒಂದು ಸೋಸುಗಾಜು ಇರುತ್ತದೆ, ಆದರೆ ಪೂರ್ತಿ ತಡೆಯುವುದಿಲ್ಲ. ಸೆಲ್ಫಿ ಕ್ಯಾಮೆರಾದಲ್ಲಿ ಅದು ಎಷ್ಟೋ ಸಲ ಇನ್ನೂ ಸಡಿಲ. ಹಾಗಾಗಿ ಹಿಂದಿನ ಕ್ಯಾಮೆರಾದಲ್ಲಿ ಕಾಣದಿದ್ದರೆ ಮುಂದಿನದರಲ್ಲಿ ನೋಡಿ. ಇನ್ನೊಂದು ಮಾತು: ಮೊದಲು ಪಕ್ಕದ ಮನೆಯ ಚೆನ್ನಾಗಿರುವ ರಿಮೋಟನ್ನು ಹಿಡಿದು ನೋಡಿ. ಅದೂ ಮಿನುಗದಿದ್ದರೆ ನಿಮ್ಮ ಫೋನಿಗೆ ಅವಕೆಂಪು ಕಾಣುವುದಿಲ್ಲ ಎಂದಷ್ಟೇ ಅರ್ಥ. ಈಚಿನ ಸ್ಮಾರ್ಟ್ ಟಿವಿಗಳ ಕೆಲವು ರಿಮೋಟುಗಳು ಬ್ಲೂಟೂತಿನಲ್ಲಿ ಮಾತಾಡುತ್ತವೆ. ಅವುಗಳಿಗೆ ಈ ಪರೀಕ್ಷೆ ಪೂರ್ತಿ ಹೊಂದುವುದಿಲ್ಲ.

ಬೆಳಕು ಮಿನುಗದಿದ್ದರೆ ತಪ್ಪು ರಿಮೋಟಿನದು, ಮಿನುಗಿದರೆ ಹೆಚ್ಚಾಗಿ ಟಿವಿಯ ಕಡೆಯದು. ಅರ್ಧ ಕೆಲಸ ಇಲ್ಲೇ ಮುಗಿಯಿತು.

ಮಿನುಗದ ರಿಮೋಟಿನಲ್ಲಿ ಸಾಮಾನ್ಯವಾಗಿ ತಪ್ಪಿತಸ್ಥ ಸೆಲ್ಲೇ. ನಮ್ಮ ಕಡೆ ಶೆಲ್ಲು ಎನ್ನುವವರೂ ಇದ್ದಾರೆ. "ಗೋಡೆ ಗಡಿಯಾರಕ್ಕೆ ಹಾಕಿದರೆ ಓಡುತ್ತದಲ್ಲ, ಸೆಲ್ಲು ಹೇಗೆ ಸತ್ತಿದೆ?" ಎಂದು ಅಣ್ಣನ ವಾದ. ಗಡಿಯಾರ ಬಹಳ ಬಡಪಾಯಿ. ಅದಕ್ಕೆ ಸರಾಸರಿ ಒಂದು ಮಿಲಿಆಂಪಿಯರೂ ಬೇಕಿಲ್ಲ. ರಿಮೋಟಿನ ಬಲ್ಬು ಮಿನುಗುವ ಕ್ಷಣದಲ್ಲಿ ಸಾಮಾನ್ಯವಾಗಿ ಅದರ ನೂರರಷ್ಟು ಅಥವಾ ಇನ್ನೂ ಜಾಸ್ತಿ ಎಳೆಯುತ್ತದೆ. ಹಳೆಯ ಸೆಲ್ಲಿನೊಳಗೆ ತಡೆ ಬೆಳೆದಿರುತ್ತದೆ. ಹನಿ ಹನಿ ಕೇಳಿದರೆ ಕೊಡುತ್ತದೆ, ಒಮ್ಮೆಲೇ ಕೊಡ ತುಂಬ ಕೇಳಿದರೆ ಕುಸಿಯುತ್ತದೆ. ಸೆಲ್ಲನ್ನು ಸುಮ್ನೆ ಮೀಟರಿಗೆ ಹಚ್ಚಿ 1.4 ವೋಲ್ಟ್ ತೋರಿಸಿತೆಂದು ನಂಬಿ ಮೋಸಹೋಗುವುದೂ ಇದೇ ಕಾರಣಕ್ಕೆ.

ಅಣ್ಣ ಮತ್ತು ಅತ್ತಿಗೆಯ ಚಿಕಿತ್ಸೆಗಳು ಪೂರ್ತಿ ಸುಳ್ಳಲ್ಲ ಎಂಬುದನ್ನೂ ಒಪ್ಪಬೇಕು. ಉಜ್ಜಿದರೆ ತುದಿಯಲ್ಲಿ ಕಟ್ಟಿದ ಕಿಲುಬು ಹೋಗುತ್ತದೆ, ಸಂಪರ್ಕ ಗಟ್ಟಿಯಾಗುತ್ತದೆ. ಬಿಸಿಲಿಗೆ ಇಟ್ಟರೆ ಒಳಗಿನ ರಾಸಾಯನಿಕ ಕ್ರಿಯೆ ಚುರುಕಾಗುತ್ತದೆ, ಸುಮ್ಮನೆ ವಿಶ್ರಾಂತಿ ಕೊಟ್ಟರೂ ಸೆಲ್ಲು ಒಂಚೂರು ಚೇತರಿಸಿಕೊಳ್ಳುತ್ತದೆ. ಆದರೆ ಇದೆಲ್ಲ ಎರಡು ದಿನದ ಮಾತು. ಬಳ್ಳಾರಿ ಬಿಸಿಲಿಗೆ ಸೆಲ್ಲು ಇಡುವುದಂತೂ ಅದನ್ನು ಸೋರಲು ಕರೆದ ಹಾಗೆ. ಹಲ್ಲಲ್ಲಿ ಕಚ್ಚಿ ತಗ್ಗು ಮಾಡುವವರನ್ನೂ ನೋಡಿದ್ದೇನೆ. ದಯವಿಟ್ಟು ಬೇಡ.

ಹೊಸದೊಂದು, ಹಳೆಯದೊಂದು ಜೋಡಿಸುವ ಚಟ ಇನ್ನೂ ಕೆಟ್ಟದ್ದು. ಸೋತ ಸೆಲ್ಲಿನ ಮೂಲಕ ಗಟ್ಟಿ ಸೆಲ್ಲು ಕರೆಂಟು ತಳ್ಳುತ್ತಲೇ ಇರುತ್ತದೆ, ಸೋತದ್ದು ಕೊನೆಗೆ ಸೋರುತ್ತದೆ. ಸೆಲ್ಲಿನ ಮನೆಯಲ್ಲಿ ಸುಣ್ಣದಂತೆ ಬಿಳಿ ಪುಡಿ ಕಟ್ಟಿದ್ದನ್ನು ನೋಡಿರುತ್ತೀರಿ. ಆಲ್ಕಲೈನ್ ಸೆಲ್ಲಾದರೆ ಅದು ಹೊರಬಂದ ಪೊಟ್ಯಾಸಿಯಂ ಹೈಡ್ರಾಕ್ಸೈಡು ಗಾಳಿಯ ಇಂಗಾಲದ ಡೈಆಕ್ಸೈಡಿನ ಜೊತೆ ಸೇರಿ ಆದ ಪೊಟ್ಯಾಸಿಯಂ ಕಾರ್ಬೊನೇಟು. ಕ್ಷಾರ ಅದು, ಬರಿಗೈಯಲ್ಲಿ ಮುಟ್ಟಬೇಡಿ. ಹತ್ತಿಯನ್ನು ನಿಂಬೆರಸದಲ್ಲಿ ಅದ್ದಿ ಒರೆಸಿದರೆ ಸಣ್ಣಗೆ ಬುರುಗು ಎದ್ದು ಬಿಡುತ್ತದೆ. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಚೆನ್ನಾಗಿ ಒಣಗಿಸಿ.

ಇನ್ನು ಗುಂಡಿಗಳು. ಒಂದೆರಡು ಗುಂಡಿ ಮಾತ್ರ ಕೆಲಸ ಮಾಡದಿದ್ದರೆ ಸೆಲ್ಲನ್ನು ಬೈಯಬೇಡಿ. ರಬ್ಬರ್ ಗುಂಡಿಯ ತಳದಲ್ಲಿ ಕಪ್ಪು ಇಂಗಾಲದ ಬಿಲ್ಲೆ ಇರುತ್ತದೆ. ಒತ್ತಿದಾಗ ಅದು ಕೆಳಗಿನ ಎರಡು ಗೆರೆಗಳನ್ನು ಕೂಡಿಸಬೇಕು. ನಡುವೆ ಜಿಡ್ಡು ಕೂತರೆ ಕೂಡುವುದಿಲ್ಲ. ಒಗ್ಗರಣೆ ಮಿರ್ಚಿ ತಿನ್ನುತ್ತಾ ಸೌಂಡು ಏರಿಸುವ ಊರು ನಮ್ಮದು. ವಾಲ್ಯೂಮ್ ಗುಂಡಿ ಮೊದಲು ಸಾಯುವುದರಲ್ಲಿ ಆಶ್ಚರ್ಯವಿಲ್ಲ. ಬಿಚ್ಚಲು ಧೈರ್ಯವಿದ್ದರೆ ರಬ್ಬರನ್ನು ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿ, ಹಸಿರು ಬೋರ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಮೆತ್ತಗೆ ಒರೆಸಿ. ಒಮ್ಮೊಮ್ಮೆ ಇದರ ಉಲ್ಟಾ ಆಗುತ್ತದೆ. ಗುಂಡಿಯೊಂದು ಒಳಗೇ ಸಿಕ್ಕಿಕೊಂಡು, ಯಾರೂ ಒತ್ತದೆಯೇ ಬೆಳಕು ಹೊಡೆಯುತ್ತಿರುತ್ತದೆ. ದಿಂಬಿನ ಕೆಳಗೆ ಒತ್ತಿಕೊಂಡು ಕೂತ ಇನ್ನೊಂದು ರಿಮೋಟ್ ಕೂಡ ಹೀಗೆ ಸುಮ್ಮನೆ ಅರಚುತ್ತಾ ಕೈಯಲ್ಲಿರುವ ರಿಮೋಟಿನ ಮಾತನ್ನು ಕೆಡಿಸಬಲ್ಲದು.

ಸೆಟ್‌ಟಾಪ್ ಬಾಕ್ಸಿನ ರಿಮೋಟಾದರೆ ಗುಂಡಿ ಒತ್ತಿದಾಗ ಬಾಕ್ಸಿನ ಮುಂದಿನ ಪುಟ್ಟ ದೀಪ ಮಿಟುಕುತ್ತದೆಯಾ ನೋಡಿ. ಮಿಟುಕಿದರೆ ಮಾತು ಕೇಳಿಸಿದೆ, ಬಾಕ್ಸೇ ಹ್ಯಾಂಗ್ ಆಗಿದೆ. ಪ್ಲಗ್ ಕಿತ್ತು ಎರಡು ನಿಮಿಷ ಬಿಟ್ಟು ಹಾಕಿ.

ದೊಡ್ಡಮ್ಮನ ರಿಮೋಟ್ ಈ ಎಲ್ಲದರಲ್ಲೂ ಪಾಸಾಗಿತ್ತು. ಅಂದರೆ ನೋಡಬೇಕಾದದ್ದು ಟಿವಿಯ ಕಣ್ಣನ್ನು. ಟಿವಿಯ ಚೌಕಟ್ಟಿನ ಕೆಳಗೆ ಬಲಗಡೆ ಕಪ್ಪಗೆ ಹೊಳೆಯುವ ಚಿಕ್ಕ ಕಿಟಕಿ ಇತ್ತು. ಅದರ ಹಿಂದೆ ಅವಕೆಂಪನ್ನು ಹಿಡಿಯುವ ಬಿಡಿಭಾಗ ಕೂತಿರುತ್ತದೆ. ಬಳ್ಳಾರಿಯ ಕೆಂಪು ಧೂಳು ಅದರ ಮೇಲೆ ಒಂದು ಪದರ ಕೂತಿತ್ತು. ಒರೆಸಿದೆ. ಏನೂ ಬದಲಾಗಲಿಲ್ಲ.

ಆ ಕಣ್ಣಿನ ಕೆಲಸ ಸುಲಭದ್ದಲ್ಲ. ಕೋಣೆಯಲ್ಲಿ ಅವಕೆಂಪು ಬೇಕಾದಷ್ಟಿದೆ. ಸೂರ್ಯನಿಂದ ನೆಲಕ್ಕೆ ಬರುವ ಶಕ್ತಿಯಲ್ಲಿ ಸುಮಾರು ಅರ್ಧ ಅದೇ. ಅದರ ನಡುವೆ ರಿಮೋಟಿನ ಬಡ ಬೆಳಕನ್ನು ಹೆಕ್ಕುವುದು ಹೇಗೆ? ತಾಳದಿಂದ. ಸೂರ್ಯನ ಬೆಳಕು ಒಂದೇ ಸಮ ಬೀಳುತ್ತದೆ. ರಿಮೋಟ್ ಮಾತ್ರ ಮಾತಾಡುವಾಗ ಸೆಕೆಂಡಿಗೆ ಸುಮಾರು 38,000 ಸಲ ಮಿನುಗುತ್ತದೆ. ಟಿವಿಯ ಕಣ್ಣು ಆ ತಾಳ ಬಿಟ್ಟು ಬೇರೆಯದನ್ನು ಕಿವಿಗೆ ಹಾಕಿಕೊಳ್ಳುವುದಿಲ್ಲ. ದುರ್ಗಮ್ಮನ ಸಿಡಿಬಂಡಿ ಜಾತ್ರೆಯ ಗದ್ದಲದಲ್ಲೂ ಹಲಗೆಯ ಪೆಟ್ಟು ದೂರಕ್ಕೆ ಗೊತ್ತಾಗುತ್ತದಲ್ಲ, ಹಾಗೆ.

ಆ ತಾಳದ ಮೇಲೆ ಸಂದೇಶ ಕೂರುತ್ತದೆ. ಬಹಳ ಕಡೆ ಬಳಕೆಯಲ್ಲಿರುವ ಒಂದು ಪದ್ಧತಿಯಲ್ಲಿ ಮೊದಲು 9 ಮಿಲಿಸೆಕೆಂಡಿನ ಒಂದು ಉದ್ದ ಮಿನುಗು, "ಏಯ್, ಕೇಳಿಲ್ಲಿ" ಎಂದಂತೆ. ಆಮೇಲೆ ನಾಲ್ಕೂವರೆ ಮಿಲಿಸೆಕೆಂಡು ಮೌನ. ನಂತರ 32 ಬಿಟ್, ಅಂದರೆ ಸೊನ್ನೆ, ಒಂದುಗಳ ಸಾಲು. ಚಿಕ್ಕ ಬಿಡುವು ಬಂದರೆ ಸೊನ್ನೆ, ದೊಡ್ಡ ಬಿಡುವು ಬಂದರೆ ಒಂದು. ಇದರಲ್ಲಿ ನನಗೆ ಇಷ್ಟವಾದ ಜಾಣತನ ಒಂದಿದೆ. ಪ್ರತಿ ಆದೇಶವನ್ನೂ ಎರಡು ಸಲ ಹೇಳುತ್ತದೆ. ಎರಡನೇ ಸಲ ಸೊನ್ನೆಗಳನ್ನೆಲ್ಲ ಒಂದು ಮಾಡಿ, ಒಂದುಗಳನ್ನೆಲ್ಲ ಸೊನ್ನೆ ಮಾಡಿ. ಎರಡೂ ತಾಳೆಯಾಗದಿದ್ದರೆ ಟಿವಿ ಅದನ್ನು ಬಿಟ್ಟುಬಿಡುತ್ತದೆ. ರಿಮೋಟ್ ಕೆಟ್ಟಾಗ ಟಿವಿ ಹುಚ್ಚುಹುಚ್ಚಾಗಿ ಚಾನೆಲ್ ಬದಲಿಸದೆ ಕಲ್ಲಿನಂತೆ ಕೂರುವುದು ಇದಕ್ಕೇ. ಅರ್ಧಂಬರ್ಧ ಕೇಳಿಸಿದರೆ ಅದು ಕೇಳದ ಹಾಗೆಯೇ ಇರುತ್ತದೆ.

ಮೊದಮೊದಲ ರಿಮೋಟುಗಳಿಗೆ ಈ ತಾಳದ ವಿದ್ಯೆ ಗೊತ್ತಿರಲಿಲ್ಲ. 1955ರಲ್ಲಿ ಅಮೆರಿಕದ ಜೆನಿತ್ ಕಂಪನಿಯ ಯೂಜೀನ್ ಪಾಲಿ ಫ್ಲ್ಯಾಶ್‌ಮ್ಯಾಟಿಕ್ ಎಂಬ ರಿಮೋಟ್ ಮಾಡಿದ. ಪಿಸ್ತೂಲಿನಂಥ ಒಂದು ಟಾರ್ಚು, ಟಿವಿಯ ನಾಲ್ಕು ಮೂಲೆಗೆ ನಾಲ್ಕು ಬೆಳಕಿನ ಕಣ್ಣು. ಯಾವ ಮೂಲೆಗೆ ಬೆಳಕು ಬಿಡುತ್ತೀರೋ ಆ ಕೆಲಸ. ಸೊಗಸಾಗಿತ್ತು. ಆದರೆ ಸೂರ್ಯನ ಬೆಳಕು ಮೂಲೆಗೆ ಬಿದ್ದರೆ ಸೂರ್ಯನೇ ಟಿವಿ ನಡೆಸಲು ಶುರು ಮಾಡುತ್ತಿದ್ದ. ಮರುವರ್ಷವೇ ಅದೇ ಕಂಪನಿಯ ರಾಬರ್ಟ್ ಆ್ಯಡ್ಲರ್ ಬೆಳಕಿನ ಸಹವಾಸ ಬಿಟ್ಟು ಶಬ್ದ ಹಿಡಿದ. ಗುಂಡಿ ಒತ್ತಿದರೆ ಒಳಗಿನ ಪುಟ್ಟ ಸುತ್ತಿಗೆ ಅಲ್ಯೂಮಿನಿಯಂ ಸರಳಿಗೆ ಬಡಿಯುತ್ತಿತ್ತು, ಮನುಷ್ಯರ ಕಿವಿಗೆ ಕೇಳದ ಸದ್ದು ಟಿವಿಗೆ ಕೇಳುತ್ತಿತ್ತು. ಸೆಲ್ಲೇ ಬೇಕಿರಲಿಲ್ಲ! ಈಗ ನೆನೆದರೆ ಹೊಟ್ಟೆಯುರಿಯುತ್ತದೆ.

ಸೂರ್ಯ ಎಂದ ಕೂಡಲೇ ನನಗೆ ದೊಡ್ಡಮ್ಮನ ಕೋಣೆ ನೆನಪಾಯಿತು. ಪಡುವಣ ಗೋಡೆಯಲ್ಲಿ ಒಂದು ಹಳೆಯ ಮರದ ಕಿಟಕಿ. ಸೆಕೆಗೆ, ಧೂಳಿಗೆ ವರ್ಷವಿಡೀ ಮುಚ್ಚಿಯೇ ಇರುತ್ತದೆ. ಎರಡು ಬಾಗಿಲ ನಡುವೆ ಬೆರಳು ಅಗಲದ ಸಂದಿ. ಚಳಿಗಾಲದಲ್ಲಿ ಸೂರ್ಯ ನೇರ ಪಶ್ಚಿಮಕ್ಕೆ ಮುಳುಗುವುದಿಲ್ಲ. ಬಳ್ಳಾರಿಯಲ್ಲಿ ಡಿಸೆಂಬರಿನ ಕೊನೆಗೆ ಸುಮಾರು 24 ಡಿಗ್ರಿ ದಕ್ಷಿಣಕ್ಕೆ ಸರಿದಿರುತ್ತಾನೆ. ನೈಋತ್ಯದ ಕಡೆಯಿಂದ ಬಂದ ಬೆಳಕು ಕೋಣೆ ದಾಟಿ ಹೋಗುವುದು ಎಲ್ಲಿಗೆ? ಈಶಾನ್ಯದ ಕಡೆಗೆ.

ಮರುದಿನ ಸಂಜೆ 5ಕ್ಕೇ ಹೋಗಿ ಕೂತೆ. ಐದು ಗಂಟೆ ಹತ್ತು ನಿಮಿಷಕ್ಕೆ ಬೆಳಕಿನ ಗೆರೆ ಗೋಡೆ ಹತ್ತಿತು, ಟಿವಿ ಸ್ಟ್ಯಾಂಡಿನ ಮೇಲೆ ಸರಿಯಿತು, ಆ ಕಪ್ಪು ಕಿಟಕಿಯ ಮೇಲೆ ಬಂದು ನಿಂತಿತು. ತೆಳ್ಳಗಿನ ಗೆರೆ. ಚಿತ್ರಕ್ಕೆ ಏನೂ ತೊಂದರೆ ಇಲ್ಲ, ಅದಕ್ಕೇ ಯಾರೂ ಗಮನಿಸಿರಲಿಲ್ಲ. ಆದರೆ ಅಷ್ಟು ನೇರ ಬಿಸಿಲು ಬಿದ್ದರೆ ಕಣ್ಣಿನೊಳಗಿನ ಸಿಲಿಕಾನು ತುಂಬಿಹೋಗುತ್ತದೆ. ಲೌಡ್‌ಸ್ಪೀಕರಿನ ಬಾಯಿಗೆ ಕಿವಿ ಕೊಟ್ಟು ನಿಂತವನಿಗೆ ಹಲಗೆ ಎಲ್ಲಿ ಕೇಳಬೇಕು?

"ಹತ್ತಿರ ಹೋದ್ರ ನಡೀತೈತಿ ನೋಡು, ಶೆಲ್ಲು ವೀಕು" ಎನ್ನುತ್ತಾ ದೊಡ್ಡಮ್ಮ ಎದ್ದು ಟಿವಿ ಮುಂದೆ ಹೋಗಿ ಒತ್ತಿದರು. ಚಾನೆಲ್ ಬದಲಾಯಿತು. ಅವರ ಮಾತಿನಲ್ಲಿ ತರ್ಕವಿತ್ತು. ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ, ಸೋತ ಸೆಲ್ಲಿಗೆ ಹತ್ತಿರ ಹೋಗಬೇಕಾಗುತ್ತದೆ. ಆದರೆ ಅವರು ಅಲ್ಲಿ ನಿಂತಾಗ ಅವರ ನೆರಳು ಟಿವಿಯ ಕಣ್ಣಿನ ಮೇಲೆ ಬಿದ್ದಿತ್ತು.

ಅವರನ್ನು ಮಂಚದ ಮೇಲೆ ಕೂರಿಸಿದೆ. ನಾನು ಪಕ್ಕದಲ್ಲಿ ನಿಂತು ಟಿವಿಯ ಕಣ್ಣಿಗೆ ಅಂಗೈ ಮರೆ ಮಾಡಿದೆ, ರಿಮೋಟಿನ ದಾರಿ ಬಿಟ್ಟು ಬಿಸಿಲಿನ ದಾರಿಗಷ್ಟೇ. "ಒತ್ತಿ" ಎಂದೆ. ಬದಲಾಯಿತು. ಕೈ ತೆಗೆದೆ. ಬದಲಾಗಲಿಲ್ಲ. ಹತ್ತು ಸಲ ಮಾಡಿದೆವು, ಹತ್ತೂ ಸಲ ಹಾಗೇ. ದೊಡ್ಡಮ್ಮ ಕಿಟಕಿಯ ಸಂದಿಗೆ ಹಳೆಯ ಸೀರೆಯ ಚೂರು ತುರುಕಿ ಬಂದು ಕೂತರು. ಸ್ವಲ್ಪ ಹೊತ್ತು ಧಾರಾವಾಹಿ ನೋಡಿದರು. ಆಮೇಲೆ ಜಾಹೀರಾತು ಬಂದಾಗ ದೊಡ್ಡಪ್ಪನ ಕಡೆ ತಿರುಗಿದರು.

"ಹಂಗಾರ ಹೋದ ವರ್ಷ ಹೊಸ ರಿಮೋಟಿಗೆ ಕೊಟ್ಟ ನೂರೈವತ್ತು ರೂಪಾಯಿ?"