ಉಯ್ಯಾಲೆಯಿಂದ ಹಾರಿದ ಮೆಟ್ಟು

ಪ್ರಶ್ನೆ: ರೊಕೊಕೊ (18ನೇ ಶತಮಾನದ ಫ್ರೆಂಚ್ ಅಲಂಕಾರಮಯ ಶೈಲಿ) ಪ್ರಣಯಚಿತ್ರಗಳಲ್ಲಿ ಕಾಣುವ ನಾಯಿ, ಉಯ್ಯಾಲೆ, ಜಾರಿದ ಮೆಟ್ಟು ಇವಕ್ಕೆಲ್ಲ ನಿಜಕ್ಕೂ ಗೂಢಾರ್ಥ ಇದೆಯೇ? ವಿಮರ್ಶಕರು ಕಟ್ಟಿದ್ದೇ?

ಇದೆ. ಆದರೆ ನಾಯಿ ಎಂದರೆ ನಿಷ್ಠೆ, ಗುಲಾಬಿ ಎಂದರೆ ಪ್ರೀತಿ ಎಂದು ಪಟ್ಟಿ ಹಿಡಿದು ಹೊರಟರೆ ಚಿತ್ರ ಕೈತಪ್ಪುತ್ತದೆ. ಯಾರ ಕಣ್ಣು ಯಾರ ಮೇಲಿದೆ, ಯಾರಿಗೆ ಏನು ಕಾಣುತ್ತಿಲ್ಲ ಎಂಬುದನ್ನು ಮೊದಲು ನೋಡಿ. ವಸ್ತುಗಳ ಸರದಿ ಆಮೇಲೆ.

ಲಂಡನ್ನಿನ ವ್ಯಾಲೇಸ್ ಕಲೆಕ್ಷನ್ ಸಂಗ್ರಹಾಲಯದಲ್ಲಿರುವ, ಫ್ರೆಂಚ್ ಕಲಾವಿದ ಫ್ರಾಗೊನಾರನ ‘ಉಯ್ಯಾಲೆ’ಯನ್ನೇ (1767-68) ತೆಗೆದುಕೊಳ್ಳಿ. ಎತ್ತರ 81 ಸೆಂ.ಮೀ., ಅಗಲ 64. ಹತ್ತಿರ ನಿಂತು ನೋಡಬೇಕಾದ ಅಳತೆ. ನಸುಗೆಂಪು ಉಡುಪಿನ ತರುಣಿಯ ಮೇಲೆ ಬೆಳಕೆಲ್ಲ ಬಿದ್ದಿದೆ. ಬಲಗಡೆ ನೆರಳಲ್ಲಿ ವಯಸ್ಸಾದವನೊಬ್ಬ ಹಗ್ಗ ಜಗ್ಗುತ್ತಿದ್ದಾನೆ. ಎಡಗಡೆ ಪೊದೆಯೊಳಗೆ ಒರಗಿರುವ ಯುವಕನ ನೋಟ ನೇರ ಅವಳ ಲಂಗದತ್ತ. ಮುದುಕನಿಗೆ ಅವನು ಕಾಣುವುದಿಲ್ಲ. ಇಡೀ ತುಂಟತನ ಇರುವುದು ಅಲ್ಲೇ. ಯುವಕನ ತಲೆಯ ಮೇಲೆ ಫಾಲ್ಕೊನೆ ಎಂಬ ಶಿಲ್ಪಿಯ ಮನ್ಮಥ ತುಟಿಗೆ ಬೆರಳಿಟ್ಟು ‘ಶ್!’ ಅನ್ನುತ್ತಿದ್ದಾನೆ. ಮುದುಕನ ಬಳಿಯ ಪುಟ್ಟ ನಾಯಿ ಮಾತ್ರ ಬೊಗಳುತ್ತಿದೆ. ನಿಷ್ಠೆಯ ಸಂಕೇತವೇ, ಒಪ್ಪೋಣ. ಗುಟ್ಟು ರಟ್ಟು ಮಾಡುವ ಕೆಲಸವೂ ಅದರದೇ.

ಇದು ನಮ್ಮ ಊಹೆಯಷ್ಟೇ ಅಲ್ಲ. ನಾಟಕಕಾರ ಶಾರ್ಲ್ ಕೊಲ್ಲೇ 1767ರ ದಿನಚರಿಯಲ್ಲಿ ಬರೆದಿದ್ದಾನೆ: ಒಬ್ಬ ಆಸ್ಥಾನಿಕ ತನ್ನ ಪ್ರೇಯಸಿಯನ್ನು ಉಯ್ಯಾಲೆಯಲ್ಲಿ ಕೂರಿಸಿ, ಬಿಷಪ್ ಒಬ್ಬರು ತೂಗುವಂತೆ, ತಾನು ಅವಳ ಕಾಲು ಕಾಣುವಲ್ಲಿ ಇರುವಂತೆ ಚಿತ್ರ ಬರೆದುಕೊಡಲು ದ್ವಾಯೆನ್ ಎಂಬ ಕಲಾವಿದನನ್ನು ಕೇಳಿದ. ಧಾರ್ಮಿಕ ಚಿತ್ರಗಳಿಗೆ ಹೆಸರಾಗಿದ್ದ ದ್ವಾಯೆನ್ ತಬ್ಬಿಬ್ಬಾದ. ಮೆಟ್ಟುಗಳು ಗಾಳಿಗೆ ಹಾರಲಿ ಎಂಬ ಸಲಹೆ ಕೊಟ್ಟು, ಕೆಲಸವನ್ನು ಫ್ರಾಗೊನಾರನತ್ತ ಸಾಗಹಾಕಿದ. ಫ್ರಾಗೊನಾರ್ ಬಿಷಪ್ಪರನ್ನು ಕೈಬಿಟ್ಟ, ಹಾರುವ ಒಂದು ಮೆಟ್ಟನ್ನು ಉಳಿಸಿಕೊಂಡ. ಮುದುಕ ಅವಳ ಗಂಡ ಎಂದು ಎಷ್ಟೋ ಕಡೆ ಓದುತ್ತೇವೆ, ದಿನಚರಿಯಲ್ಲಿ ಅದಿಲ್ಲ.

ಇನ್ನೊಬ್ಬ ಫ್ರೆಂಚ್ ಕಲಾವಿದ ವಾತೋನ 1717ರ ‘ಸೀಥೆರಾ ಯಾತ್ರೆ’ ಚಿತ್ರಕ್ಕೆ ಗುಟ್ಟು ಹುಡುಕುವ ಈ ಜಾಣತನ ತಂದರೆ ಎಡವುತ್ತೀರಿ. ಪ್ಯಾರಿಸ್ಸಿನ ಲೂವ್ರ್ ಸಂಗ್ರಹಾಲಯದ ಆ ಚಿತ್ರದಲ್ಲಿ ಬಚ್ಚಿಟ್ಟದ್ದು ಏನಿಲ್ಲ. ಬಲಗಡೆಯ ಮೂರು ಜೋಡಿಗಳನ್ನು ಸಾಲಾಗಿ ನೋಡಿ: ಒಂದು ಕೂತು ಪಿಸುಗುಡುತ್ತಿದೆ, ಇನ್ನೊಂದು ಏಳುತ್ತಿದೆ, ಮೂರನೆಯದು ಹೊರಟಿದೆ. ಹೊರಟವಳು ಹಿಂದಿರುಗಿ ನೋಡುತ್ತಾಳೆ. ಅವರು ಪ್ರೇಮದ್ವೀಪವಾದ ಸೀಥೆರಾಕ್ಕೆ ಹೋಗುತ್ತಿದ್ದಾರೋ, ಅಲ್ಲಿಂದ ಮರಳುತ್ತಿದ್ದಾರೋ ಎಂಬ ವಾದ ಇನ್ನೂ ಮುಗಿದಿಲ್ಲ.