ಜ್ವರದ ಗುಳಿಗೆ ಬಿಟ್ಟು ನೋವಿನ ಗುಳಿಗೆ ನುಂಗಿದಾಗ

ಏಳು ತಿಂಗಳ ಬಸುರಿ ಸೊಸೆಯನ್ನು ಕರೆದುಕೊಂಡು ಮುಂಡರಗಿ ಕಡೆಯಿಂದ ಒಬ್ಬ ಅತ್ತೆ ಗದಗಿನ ನನ್ನ ದವಾಖಾನೆಗೆ ಬಂದಿದ್ದರು. ಕೂರುವ ಮೊದಲೇ ಮಾತು ಶುರು ಮಾಡಿದರು.

"ಮೇಡಮ್ಮಾರ, ಜ್ವರದ ಗುಳಿಗಿ ನುಂಗಿದ್ರ ಹುಟ್ಟೋ ಕೂಸಿಗೆ ಆಟಿಸಂ ಆಕ್ಕೈತಂತ. ಮೊಬೈಲ್‌ನ್ಯಾಗ ನೋಡೇವಿ. ಅದಕ್ಕ ಅದನ್ನ ಬಿಡಿಸಿಬಿಟ್ಟೇವ್ರಿ." ಆಟಿಸಂ ಅಂದರೆ ಮಗುವಿನ ಮಾತು, ಬೆರೆಯುವಿಕೆ, ನಡವಳಿಕೆ ಬೇರೆ ರೀತಿಯಲ್ಲಿ ಬೆಳೆಯುವ ಸ್ಥಿತಿ.

"ಮತ್ತ ಸೊಂಟನೋವಿಗೆ ಏನ್ ಕೊಟ್ರಿ?"

"ಅಂಗಡ್ಯಾಗ ಕೇಳಿ ಬ್ಯಾರೇದು ತಂದೇವ್ರಿ. ಭಾಳ ಚಲೋ ಆತು."

ಕೈಚೀಲದಲ್ಲಿದ್ದುದನ್ನೆಲ್ಲ ಮೇಜಿನ ಮೇಲೆ ಸುರಿಯಲು ಹೇಳಿದೆ. ಕಬ್ಬಿಣದ ಗುಳಿಗೆ, ಕ್ಯಾಲ್ಸಿಯಂ, ತಾಯಿ ಕಾರ್ಡ್, ಸ್ಕ್ಯಾನಿಂಗ್ ಚೀಟಿ ಬಿದ್ದವು. ಅವುಗಳ ನಡುವೆ ಕತ್ತರಿಯಿಂದ ಕತ್ತರಿಸಿದ ಸ್ಟ್ರಿಪ್‌ನ ತುಂಡೊಂದು, ಎರಡೇ ಗುಳಿಗೆ ಉಳಿದದ್ದು. ಕಂಪನಿ ಹೆಸರು, ಅವಧಿ ಮುಗಿಯುವ ದಿನಾಂಕ ಎಲ್ಲ ಅಂಗಡಿಯಲ್ಲಿ ಉಳಿದ ಇನ್ನೊಂದು ತುಂಡಿಗೆ ಹೋಗಿದ್ದವು. ಬೆಳಕಿಗೆ ಹಿಡಿದು ನೋಡಿದರೆ ಹಿಂಬದಿಯ ಹಾಳೆಯ ಮೇಲೆ ಸಣ್ಣ ಅಕ್ಷರ: ಅಸಿಕ್ಲೋಫೆನಾಕ್ 100, ಪ್ಯಾರಾಸಿಟಮಾಲ್ 325. ಅವರು ಹೆದರಿ ಬಿಟ್ಟಿದ್ದ ಜ್ವರದ ಗುಳಿಗೆ ಎಂದರೆ ಪ್ಯಾರಾಸಿಟಮಾಲ್, ಅದು ಇದರೊಳಗೂ ಇತ್ತು. ಜೊತೆಗೆ ಏಳನೇ ತಿಂಗಳಲ್ಲಿ ನಿಜವಾಗಿಯೂ ಮುಟ್ಟಬಾರದ ಇನ್ನೊಂದೂ ಇತ್ತು.

ಅಸಿಕ್ಲೋಫೆನಾಕ್, ಡೈಕ್ಲೋಫೆನಾಕ್, ಐಬುಪ್ರೊಫೆನ್ ಇವೆಲ್ಲ ಒಂದೇ ಕುಲದ ನೋವಿನ ಗುಳಿಗೆಗಳು. ಐದು ತಿಂಗಳು ದಾಟಿದ ಮೇಲೆ ಕೂಸಿನ ಸುತ್ತ ಇರುವ ನೀರಿನ ಹೆಚ್ಚಿನ ಪಾಲು ಕೂಸಿನ ಮೂತ್ರವೇ. ಈ ಗುಳಿಗೆಗಳು ಕೂಸಿನ ಕಿಡ್ನಿಯ ಕೆಲಸ ತಗ್ಗಿಸುತ್ತವೆ, ನೀರು ಕಡಿಮೆಯಾಗುತ್ತದೆ. ಕೊನೆಯ ಮೂರು ತಿಂಗಳಲ್ಲಾದರೆ, ಹುಟ್ಟಿದ ನಂತರವೇ ಮುಚ್ಚಬೇಕಾದ ಹೃದಯದ ಬಳಿಯ ರಕ್ತನಾಳವೊಂದು ಹೊಟ್ಟೆಯೊಳಗೇ ಕುಗ್ಗಬಹುದು. 20 ವಾರ ದಾಟಿದವರಿಗೆ ಇವನ್ನು ಕೊಡಬೇಡಿ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲಿ ಎಚ್ಚರಿಸಿತ್ತು. ಆ ಎಚ್ಚರಿಕೆ ಯಾರ ಮೊಬೈಲ್‌ಗೂ ಬರಲಿಲ್ಲ. ಈಕೆ ನಾಲ್ಕು ದಿನ ಮಾತ್ರ ತೆಗೆದುಕೊಂಡಿದ್ದಳು. ಸ್ಕ್ಯಾನ್ ಮಾಡಿಸಿದೆವು, ನೀರು ಸರಿಯಾಗಿತ್ತು.

ಮೊಬೈಲ್‌ಗೆ ಬಂದ ಸುದ್ದಿಯ ಮೂಲ ಇದು. 2025ರ ಸೆಪ್ಟೆಂಬರ್ 22ರಂದು ಅಮೆರಿಕದ ಅಧ್ಯಕ್ಷ ಟ್ರಂಪ್, ಬಸುರಿಯರು ಟೈಲೆನಾಲ್ ತೆಗೆದುಕೊಳ್ಳಬಾರದು, ಅದಕ್ಕೂ ಆಟಿಸಂಗೂ ನಂಟಿದೆ ಎಂದರು. ಟೈಲೆನಾಲ್ ಅಂದರೆ ನಮ್ಮ ಪ್ಯಾರಾಸಿಟಮಾಲ್. ನಮ್ಮಲ್ಲಿ ಡೋಲೋ, ಕ್ರೋಸಿನ್ ಎಂದು ಸಿಗುವುದೇ ಅದು. ಅದೇ ದಿನ ಎಫ್‌ಡಿಎ ವೈದ್ಯರಿಗೆ ಬರೆದ ಪತ್ರದಲ್ಲಿ, ಆಟಿಸಂಗೆ ಈ ಔಷಧವೇ ಕಾರಣ ಎಂಬುದು ಸಾಬೀತಾಗಿಲ್ಲ ಎಂಬ ಮಾತೂ ಇತ್ತು. ಎರಡು ದಿನದ ನಂತರ ವಿಶ್ವ ಆರೋಗ್ಯ ಸಂಸ್ಥೆಯೂ ಅದನ್ನೇ ಹೇಳಿತು. ಪತ್ರದ ಮಾತು ಹಳ್ಳಿ ಮುಟ್ಟಲಿಲ್ಲ, ಭಾಷಣದ ಮಾತು ಮುಟ್ಟಿತು.

ಹಾಗಾದರೆ ನಂಟು ಎಂಬ ಮಾತು ಬಂದದ್ದಾದರೂ ಎಲ್ಲಿಂದ? ಪ್ಯಾರಾಸಿಟಮಾಲ್ ತೆಗೆದುಕೊಂಡ ತಾಯಂದಿರ ಮಕ್ಕಳಲ್ಲಿ ಆಟಿಸಂ ತುಸು ಹೆಚ್ಚು ಎಂದು ಕೆಲವು ಅಧ್ಯಯನಗಳಲ್ಲಿ ಕಂಡದ್ದು ನಿಜ. ಆದರೆ ಸುಮ್ಮನೆ ಯಾರೂ ಗುಳಿಗೆ ನುಂಗುವುದಿಲ್ಲ. ಜ್ವರ, ಸೋಂಕು, ಅರೆತಲೆನೋವು ಏನೋ ಇದ್ದೇ ನುಂಗುತ್ತಾರೆ. ದವಾಖಾನೆಗೆ ಬಂದವರಲ್ಲೇ ಜ್ವರದವರು ಹೆಚ್ಚು ಕಂಡರೆ ದವಾಖಾನೆಯಿಂದಲೇ ಜ್ವರ ಬಂತು ಅನ್ನುತ್ತೇವೆಯೇ? ಮನೆತನದಲ್ಲಿ ಹರಿದುಬರುವ ಗುಣವೂ ಲೆಕ್ಕಕ್ಕೆ ಬರಬೇಕು. ಆಟಿಸಂನಲ್ಲಿ ಅದರ ಪಾಲು ಬಹಳ ದೊಡ್ಡದು.

ಈ ಗಂಟು ಬಿಡಿಸಲು ಸ್ವೀಡನ್ನಿನ ಸಂಶೋಧಕರು 1995ರಿಂದ 2019ರವರೆಗೆ ಅಲ್ಲಿ ಹುಟ್ಟಿದ ಸುಮಾರು 24.8 ಲಕ್ಷ ಮಕ್ಕಳ ದಾಖಲೆ ತೆಗೆದು ನೋಡಿದರು. 2024ರಲ್ಲಿ ಅದು ಪ್ರಕಟವಾಯಿತು. ಮಕ್ಕಳನ್ನೆಲ್ಲ ಒಟ್ಟಿಗೆ ಹಾಕಿ ನೋಡಿದಾಗ ಅಲ್ಲೂ ಸಣ್ಣ ವ್ಯತ್ಯಾಸ ಕಂಡಿತು: ಹತ್ತು ವರ್ಷದ ಹೊತ್ತಿಗೆ ಆಟಿಸಂ ಗುರುತಾದವರು ಗುಳಿಗೆ ತೆಗೆದುಕೊಳ್ಳದವರ ಮಕ್ಕಳಲ್ಲಿ ನೂರಕ್ಕೆ 1.33, ತೆಗೆದುಕೊಂಡವರ ಮಕ್ಕಳಲ್ಲಿ 1.53. ಆಮೇಲೆ ಅವರು ಒಡಹುಟ್ಟಿದವರನ್ನು ಹೋಲಿಸಿದರು. ಒಬ್ಬಳೇ ತಾಯಿ, ಒಂದು ಬಸಿರಿನಲ್ಲಿ ಗುಳಿಗೆ ತೆಗೆದುಕೊಂಡಿದ್ದಾಳೆ, ಇನ್ನೊಂದರಲ್ಲಿ ಇಲ್ಲ. ಮನೆತನ ಒಂದೇ, ಮನೆ ಒಂದೇ. ಹಾಗೆ ನೋಡಿದಾಗ ವ್ಯತ್ಯಾಸ ಮಾಯವಾಯಿತು. ನನಗೆ ಧೈರ್ಯ ಕೊಟ್ಟದ್ದು ಮಕ್ಕಳ ಸಂಖ್ಯೆಗಿಂತ ಈ ಹೋಲಿಕೆ.

ಹಾಗಂತ ಪ್ಯಾರಾಸಿಟಮಾಲ್ ಅನ್ನು ಕಡಲೆಪುಟಾಣಿ ಹಾಗೆ ತಿನ್ನಿ ಅನ್ನುತ್ತಿಲ್ಲ. ಜ್ವರವಿದ್ದರೆ, ನೋವು ತಡೆಯಲಾಗದಿದ್ದರೆ 500 ಮಿಲಿಗ್ರಾಂನ ಒಂದು ಗುಳಿಗೆ, ಮತ್ತೆ ಬೇಕೆನಿಸಿದರೆ ಆರು ತಾಸು ಬಿಟ್ಟು ಇನ್ನೊಂದು. ಎರಡು ಮೂರು ದಿನಕ್ಕೂ ಜ್ವರ ಇಳಿಯದಿದ್ದರೆ ಗುಳಿಗೆ ಮುಂದುವರಿಸದೆ ತೋರಿಸಲು ಬರಬೇಕು. ನೆಗಡಿ ಗುಳಿಗೆಯಲ್ಲೂ ಪ್ಯಾರಾಸಿಟಮಾಲ್ ಇರುತ್ತದೆ, ಎರಡನ್ನೂ ನುಂಗಿದರೆ ಲೆಕ್ಕ ತಪ್ಪುತ್ತದೆ. ಐದು ತಿಂಗಳ ನಂತರ ಬರುವ ಜೋರು ತಲೆನೋವಿಗೆ ಮಾತ್ರ ಮನೆಯಲ್ಲಿ ಗುಳಿಗೆ ನುಂಗಿ ಮಲಗಲೇಬೇಡಿ. ಅದು ಬಿಪಿ ಏರಿದ ಸೂಚನೆ ಇರಬಹುದು; ಕಣ್ಣು ಮಂಜಾಗುವುದು, ಮುಖ ಬಾತುಕೊಳ್ಳುವುದು ಜೊತೆಗಿದ್ದರೆ ಅದೇ ದಿನ ಬಿಪಿ ನೋಡಿಸಬೇಕು.

ಇನ್ನೊಂದು ಕಡೆಯ ಅಪಾಯವನ್ನೂ ನೋಡಬೇಕು. ಗುಳಿಗೆಗೆ ಹೆದರಿ ಜ್ವರವನ್ನು ಹಾಗೇ ಬಿಡುವುದು ಕೂಸಿಗೆ ಒಳ್ಳೆಯದಲ್ಲ. ಮೊದಲ ವಾರಗಳಲ್ಲಿ ಏರುವ ಜೋರು ಜ್ವರಕ್ಕೂ ಕೂಸಿನ ಬೆನ್ನುಹುರಿಯ ದೋಷಕ್ಕೂ ನಂಟು ಕಂಡುಬಂದಿದೆ. ಮಳೆಗಾಲದಲ್ಲಿ ಡೆಂಗಿ ಬಂದರಂತೂ ಜ್ವರ ಇಳಿಸಲು ನಾವು ನಂಬುವುದು ಪ್ಯಾರಾಸಿಟಮಾಲ್ ಒಂದನ್ನೇ. ಆಗ ಐಬುಪ್ರೊಫೆನ್, ಡೈಕ್ಲೋಫೆನಾಕ್ ಕೊಟ್ಟರೆ ರಕ್ತಸ್ರಾವದ ಭಯ.

ಆಟಿಸಂ ಜೊತೆ ನಂಟು ಗಟ್ಟಿಯಾಗಿ ಕಂಡುಬಂದಿರುವ ಔಷಧವೊಂದು ಇದೆ. ಅದರ ಸುದ್ದಿ ಮಾತ್ರ ಯಾರ ಬಾಯಲ್ಲೂ ಇಲ್ಲ. ಫಿಟ್ಸ್‌ಗೆ, ಕೆಲವೊಮ್ಮೆ ಮನೋರೋಗಕ್ಕೆ, ಅರೆತಲೆನೋವಿಗೆ ಕೊಡುವ ವ್ಯಾಲ್ಪ್ರೊಯೇಟ್. 2013ರಲ್ಲಿ ಪ್ರಕಟವಾದ ಡೆನ್ಮಾರ್ಕ್ ಅಧ್ಯಯನದಲ್ಲಿ ಬಸಿರಲ್ಲಿ ಇದನ್ನು ತೆಗೆದುಕೊಂಡವರ ಮಕ್ಕಳಲ್ಲಿ ಆಟಿಸಂ ನೂರಕ್ಕೆ 4.4ರಷ್ಟಿತ್ತು, ಎಲ್ಲ ಮಕ್ಕಳನ್ನೂ ಸೇರಿಸಿದರೆ 1.5. ಅಂಗಾಂಗ ದೋಷ ಸುಮಾರು ಹತ್ತರಲ್ಲಿ ಒಂದು ಕೂಸಿಗೆ ಬರುತ್ತದೆ, ಕಲಿಕೆ ಹಿಂದುಳಿಯುವುದು ಇನ್ನೂ ಹೆಚ್ಚು.

ನಮ್ಮ ಕಡೆ ಇದು ಬರೀ ಔಷಧದ ಮಾತಲ್ಲ. ಹುಡುಗಿಗೆ ಫಿಟ್ಸ್ ಇದೆ ಎಂದರೆ ಸಂಬಂಧ ಕೂಡುವುದಿಲ್ಲವೆಂದು ತವರಿನವರು ಮುಚ್ಚಿಡುತ್ತಾರೆ. ಅಕ್ಕಿ ಡಬ್ಬಿಯ ಹಿಂದೆ ಗುಳಿಗೆ ಬಚ್ಚಿಟ್ಟು ನುಂಗುವ ಸೊಸೆಯರನ್ನು ನೋಡಿದ್ದೇನೆ. ಬಸಿರು ನಿಂತಾಗ ತಾಯಿ ಕಾರ್ಡ್‌ನಲ್ಲಿ ಅದು ಇರುವುದಿಲ್ಲ, ಏಕೆಂದರೆ ಆಶಾ ಕಾರ್ಯಕರ್ತೆ ಕೇಳುವಾಗ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ. ಒಬ್ಬಳ ತಾಯಿ ನನ್ನ ಕೋಣೆಗೆ ಮತ್ತೆ ಒಬ್ಬರೇ ಬಂದು, ಬಾಗಿಲು ಮುಂದೆ ಮಾಡಿ, "ಗಂಡನ ಮನಿಗೆ ಗೊತ್ತಿಲ್ರಿ ಯವ್ವಾ" ಎಂದು ಪಿಸುಗುಟ್ಟಿದರು. ಮಗಳು ಹೆದರಿ ಗುಳಿಗೆಯನ್ನು ಒಮ್ಮೆಲೇ ಬಿಟ್ಟಿದ್ದಳು. ಹದಿನೈದು ದಿನದೊಳಗೆ ಬಚ್ಚಲಲ್ಲಿ ಫಿಟ್ಸ್ ಬಂದು ಬಿದ್ದಳು. ಅಂದಿನಿಂದ ಯಾವ ಬಸುರಿಯನ್ನಾದರೂ ಮೊದಲ ಭೇಟಿಯಲ್ಲಿ ಎರಡು ನಿಮಿಷ ಒಬ್ಬಳನ್ನೇ ಕೂರಿಸಿಕೊಂಡು ಮಾತಾಡಿಸುತ್ತೇನೆ. ಹಿಂದೆಯೂ ಮಾಡಬೇಕಿತ್ತು.

ವ್ಯಾಲ್ಪ್ರೊಯೇಟ್ ಅನ್ನು ಒಮ್ಮೆಲೇ ಬಿಡುವುದು ತಾಯಿಗೂ ಕೂಸಿಗೂ ಅಪಾಯ. ಬದಲಾಯಿಸಬೇಕಾದ ಹೊತ್ತು ಬಸಿರು ನಿಲ್ಲುವ ಮೊದಲು, ಸಾಧ್ಯವಾದರೆ ಮದುವೆಗೆ ಮೊದಲು. ಲೆವೆಟಿರಸಿಟಮ್, ಲ್ಯಾಮೊಟ್ರಿಜಿನ್‌ನಂಥ ಹೆಚ್ಚು ಸುರಕ್ಷಿತ ಔಷಧಗಳಿವೆ. ನರರೋಗ ತಜ್ಞರು ನಿಧಾನಕ್ಕೆ ಬದಲಾಯಿಸಿ, ಜೊತೆಗೆ ಫೋಲಿಕ್ ಆಮ್ಲ ಶುರು ಮಾಡುತ್ತಾರೆ. ಫಿಟ್ಸ್ ಇರುವ ಮಗಳ ಮದುವೆ ಗೊತ್ತಾದರೆ ಅವಳ ಗುಳಿಗೆ ಚೀಟಿ ಹಿಡಿದು ಒಮ್ಮೆ ವೈದ್ಯರ ಹತ್ತಿರ ಹೋಗಿ ಬನ್ನಿ, ಲಗ್ನಪತ್ರಿಕೆ ಅಚ್ಚಿಗೆ ಹೋಗುವ ಮೊದಲೇ. ತಂದೆ ತಾಯಂದಿರನ್ನು ನಾನು ಕೈಮುಗಿದು ಕೇಳಿಕೊಳ್ಳುವುದು ಇದನ್ನೇ.

ಆ ಮೊಬೈಲ್ ಸುದ್ದಿ ಬಸುರಿಯರಿಗಿಂತ ಹೆಚ್ಚು ನೋಯಿಸಿದ್ದು ಆಟಿಸಂ ಇರುವ ಮಕ್ಕಳ ತಾಯಂದಿರನ್ನು. ಲಕ್ಷ್ಮೇಶ್ವರದ ಒಬ್ಬಾಕೆ ಮೂರು ವರ್ಷದ ಮಗನನ್ನು ಕರೆತಂದು, "ಆರನೇ ತಿಂಗಳದಾಗ ಜ್ವರ ಬಂದಾಗ ನೀವ ಬರದ ಕೊಟ್ಟಿದ್ರಿ, ನಾ ನುಂಗಿದ್ದೆ. ಅದರಿಂದಲೇ ಆತೇನ್ರಿ?" ಎಂದು ಕೇಳಿದಳು. ಆರು ಗುಳಿಗೆ ಎಂದು ಎಣಿಸಿಟ್ಟುಕೊಂಡಿದ್ದಳು. ಒಂದು ಕಾಲಕ್ಕೆ ತಾಯಿಯ ಪ್ರೀತಿ ಸಾಲದ್ದಕ್ಕೆ ಆಟಿಸಂ ಬರುತ್ತದೆ ಎಂದು ಕಲಿತವರೇ ಬರೆದರು. 1998ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯ ಲೇಖನವೊಂದರಲ್ಲಿ ಲಸಿಕೆಯ ಮೇಲೆ ಹಾಕಿದರು; ಆ ಲೇಖನವನ್ನು ಪತ್ರಿಕೆ 2010ರಲ್ಲಿ ಹಿಂತೆಗೆದುಕೊಂಡಿತು. ಈಗ ಗುಳಿಗೆ. ಪ್ರತಿ ಸಲವೂ ಹೊರೆ ಬಂದು ಕೂತದ್ದು ತಾಯಿಯ ತಲೆ ಮೇಲೆ.

"ಅಲ್ಲ ತಂಗಿ, ಅದರಿಂದ ಅಲ್ಲ" ಎಂದೆ. ಸ್ವೀಡನ್ನಿನ ಲೆಕ್ಕವನ್ನು ಬಿಡಿಸಿ ಹೇಳಿದೆ. ಹುಡುಗ ಅಷ್ಟೊತ್ತಿಗೆ ನನ್ನ ಮೇಜಿನ ಸ್ಟ್ರಿಪ್‌ಗಳನ್ನೆಲ್ಲ ಅಂಚಿಗೆ ಅಂಚು ಕೂಡಿಸಿ ಸಾಲಾಗಿ ಇಟ್ಟಿದ್ದ. ಹೆಸರು ಹಿಡಿದು ಕರೆದರೂ ತಿರುಗಲಿಲ್ಲ. ಕಿವಿ ಪರೀಕ್ಷೆ ಆಗಿದೆಯೇ ಎಂದು ಕೇಳಿದೆ. ಆಗಿರಲಿಲ್ಲ. ಮೊದಲು ಅದು, ಆಮೇಲೆ ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ಗೆ ಎಂದು ಚೀಟಿ ಬರೆದುಕೊಟ್ಟೆ. ಮಾತಿನ ತರಬೇತಿಗೆ ಎಷ್ಟು ಬೇಗ ಹಚ್ಚಿದರೆ ಅಷ್ಟು ಚಲೋ ಎಂದೂ ಹೇಳಿದೆ. ಚೀಟಿ ಮಡಚಿ ರವಿಕೆಯೊಳಗೆ ಇಟ್ಟುಕೊಳ್ಳುತ್ತ ಆಕೆ, "ಸೋಮವಾರ ಬಸ್ ಎಷ್ಟೊತ್ತಿಗೈತಿ ಕೇಳಿ ಬರ್ತೇನ್ರಿ" ಎಂದು ಮಗನನ್ನು ಎತ್ತಿಕೊಂಡಳು.